ಹದಿನೈದು ಕಾಳು

ಸಫೀದ್ ನದಿ ಕಾಸ್ಪಿಯನ್ ಸೇರುವ ಕಡೆ
ಮಾರ್ಚಿಯ ನೀರು ಇನ್ನೂ ಕೈ ಕಚ್ಚುತ್ತದೆ.
ನಾಲ್ವರು ಸೇರಿ ಸ್ಟ್ರೆಚರಿನಲ್ಲಿ ಹೊತ್ತು ತಂದಿದ್ದಾರೆ
ಫೀಲ್‌ಮಾಹಿ, ಆನೆಮೀನು. ಹೆಸರಿಗೆ ತಕ್ಕ ಮೈ.
ನಂಬರು ನಲವತ್ತೇಳು, ವಯಸ್ಸು ಹದಿನೇಳು,
ಇದುವರೆಗೆ ಒಂದು ತತ್ತಿಯನ್ನೂ ಇಟ್ಟವಳಲ್ಲ.

"ಬೇಗ, ಫರಂಗಿಸ್ ಖಾನುಮ್" ಎನ್ನುತ್ತಾನೆ ಕಿಯೂಮರ್ಸ್,
ಕಿವಿರಿಗೆ ನೀರಿನ ಪೈಪು ಹಿಡಿದು.
ಹೊಟ್ಟೆಯ ಬದಿಗೆ ತೆಳು ಕೊಳವೆ ಇಳಿಸಿ ಎಳೆಯುತ್ತೇನೆ.
ಬಂದವು ಹದಿನೈದು ಕಾಳು,
ಮೋಡ ಕವಿದ ಮಧ್ಯಾಹ್ನದ ಬಣ್ಣ.

ಅವನ್ನು ಕುದಿಸಬೇಕು.
ನಗಬೇಡಿ, ವಿಧಾನವೇ ಹಾಗೆ.
ಒಂದು ಒಲೆಯ ಮೇಲೆ ನಮ್ಮ ಚಹಾ
ಇನ್ನೊಂದರ ಮೇಲೆ ಅವಳ ತತ್ತಿ.
ಗಟ್ಟಿಯಾದದ್ದನ್ನು ಬ್ಲೇಡಿನಲ್ಲಿ ಸೀಳಿ
ಮಸೂರದ ಕೆಳಗೆ ಹುಡುಕುವುದು ಇಷ್ಟೇ:
ನಡುಬೀಜ ಎಲ್ಲಿದೆ?
ನಟ್ಟನಡುವೆ ಕೂತಿದ್ದರೆ ಕಾಯಬೇಕು.
ಮೇಲಂಚಿಗೆ ಬಂದು
ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರೆ
ಸಮಯವಾಯಿತು.

ಸಾಸಿವೆಗಿಂತ ಸಣ್ಣದಿದ್ದವು ಇವು, ಒಂದು ಕಾಲಕ್ಕೆ.
ಒಳಗೆ ಅಪ್ಪನ ಕಡೆಯ ಎಳೆ, ಅಮ್ಮನ ಕಡೆಯ ಎಳೆ
ತಬ್ಬಿಕೊಂಡು, ಚೂರುಪಾರು ಅದಲುಬದಲು ಮಾಡಿಕೊಂಡು,
ಏನೋ ಹೇಳಹೊರಟು ತಡೆದವರ ಹಾಗೆ
ಅರ್ಧಕ್ಕೇ ನಿಂತುಬಿಟ್ಟವು.
ವರ್ಷಗಟ್ಟಲೆ.
ಆಮೇಲೆ ಬುತ್ತಿ ಬರತೊಡಗಿತು.
ತಾಯಿಯ ಯಕೃತ್ತು ಅವಳ ಮೈಯನ್ನೇ ಕರಗಿಸಿ
ನೆತ್ತರ ದಾರಿಯಲ್ಲಿ ಕಳಿಸಿದ್ದು;
ಸುತ್ತ ಕಾವಲು ನಿಂತ ಪುಟ್ಟ ಕೋಶಗಳು
ಭುಜ ಸರಿಸಿ ಸಂದು ಬಿಟ್ಟವು.

ಮುಂದಿನದು ಪಾಲಾಗುವ ಹೊತ್ತು. ಸಮಪಾಲಲ್ಲ.
ವಂಶದ ಪತ್ರ ಇಬ್ಬರಿಗೂ ಸರಿಯಾಗಿ ಹಂಚಿ
ಮನೆ, ಕಣಜ, ಕೊಟ್ಟಿಗೆ ಎಲ್ಲ ಒಬ್ಬಳಿಗೆ.
ಇನ್ನೊಬ್ಬಳು, ಪುಸ್ತಕದಲ್ಲಿ ಧ್ರುವಕಾಯ ಎನ್ನುತ್ತಾರೆ,
ಉಟ್ಟ ಬಟ್ಟೆಯಲ್ಲಿ ಹೊರಬಿದ್ದು
ಹೊಸ್ತಿಲಲ್ಲೇ ಕರಗುತ್ತಾಳೆ.
ಚಿಕ್ಕಮ್ಮ ಕೌಕಬ್ ನೆನಪಾಗುತ್ತಾಳೆ ನನಗೆ,
ಕಾಗದದಲ್ಲಿ ಅವಳ ಹೆಸರೂ ಇತ್ತು.

ಮೀನಿಗೆ ಮತ್ತೆ ಮತ್ತೆ ಬಿತ್ತನೆ. ನಮಗೆ ಹಾಗಲ್ಲ.
ನಲವತ್ತೊಂಬತ್ತು ನನಗೆ;
ಹೋದ ಚಳಿಗಾಲಕ್ಕೆ ತಿಂಗಳ ಲೆಕ್ಕ ಮುಗಿಯಿತು.
ಮಗಳು ತರ್ಲಾನ್‌ಗೆ ಈಗ ಐದು ತಿಂಗಳು.
ರಶ್ತಿನ ಡಾಕ್ಟರು ತೆರೆಯ ಮೇಲೆ ತೋರಿಸಿದರು: ಹೆಣ್ಣು.
ಆ ಗೇಣುದ್ದದವಳೊಳಗೆ ಈಗಲೇ
ಅರವತ್ತೋ ಎಪ್ಪತ್ತೋ ಲಕ್ಷ.
ಬದುಕಿನಲ್ಲಿ ಇವತ್ತಿನಷ್ಟು ಶ್ರೀಮಂತೆ
ಇನ್ನೆಂದೂ ಆಗಲಾರಳು.
ಹೊರಗಿನ ಬೆಳಕು ಕಾಣುವ ಮೊದಲೇ
ಮುಕ್ಕಾಲು ಪಾಲು ಉದುರಿಹೋಗುತ್ತದೆ, ಸದ್ದಿಲ್ಲದೆ.
ಉಳಿದದ್ದರಲ್ಲಿ ಹೊರಬರುವುದು ನಾನೂರೋ ಏನೋ.

ಅಮ್ಮ ನನ್ನನ್ನು ಹೊತ್ತು
ಫೂಮನ್ನಿನ ಗದ್ದೆಯಲ್ಲಿ ಬಾಗಿ ನಾಟಿ ಹಾಕುವಾಗ
ಮುಂದೆ ತರ್ಲಾನ್ ಆಗುವ ಕಾಳು ನನ್ನೊಳಗಿತ್ತು.
ಎಂದರೆ ಅವಳೂ ಬಾಗಿದ್ದಳು
ಅಜ್ಜಿಯ ಜೊತೆ, ಮೊಣಕಾಲುದ್ದ ಕೆಸರಿನಲ್ಲಿ.
ಹಾಗಂದರೆ ಮಗಳು ನಗುತ್ತಾಳೆ:
"ಅದಕ್ಕೇ ನನಗೆ ಈ ಬೆನ್ನುನೋವು."

ಹದಿನೈದರಲ್ಲಿ ಹದಿನಾಲ್ಕು, ನಟ್ಟನಡುವೆ.
ಒಂದು ಮಾತ್ರ ಕೊಂಚ ಸರಿದಿದೆ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು.
ಕಿಯೂಮರ್ಸ್ ಆಗಲೇ ಸಿರಿಂಜು ತುಂಬಿಟ್ಟಿದ್ದಾನೆ,
ಆಫೀಸಿನಿಂದ ಎರಡು ಸಲ ಫೋನು.
ಬೇಡ, ತೊಟ್ಟಿಗೆ ಬಿಡಿ ಎನ್ನುತ್ತೇನೆ.
ಆ ಭಾರ ನೀರಿಗಿಳಿದು ಒಮ್ಮೆ ಬಾಲ ಬೀಸಿ
ನನ್ನನ್ನು ಸೊಂಟದವರೆಗೆ ತೋಯಿಸುತ್ತದೆ.

ವಹಿಯಲ್ಲಿ ಬರೆಯುತ್ತೇನೆ:
ನಲವತ್ತೇಳು. ಇನ್ನೂ ಇಲ್ಲ.
ಯಾರೋ ಒಲೆ ಆರಿಸಿದ್ದಾರೆ,
ಚಹಾದ್ದೋ, ಅದರ ಪಕ್ಕದ್ದೋ.